ಕಾಸರಗೋಡಿನಿಂದ ನರ್ಸಿಂಗ್ ಅಸಿಸ್ಟೆಂಟ್ ಆಗುವುದು ಹೇಗೆ? ಕೋರ್ಸು, ಕಾಗದಪತ್ರ, ಕೆಲಸ: ಒಂದು ಸಮಗ್ರ ಮಾರ್ಗದರ್ಶಿ

ಪ್ಲಸ್ ಟು ಫಲಿತಾಂಶ ಬಂತೆಂದರೆ ಕುಂಬಳೆ, ಉಪ್ಪಳ, ಬದಿಯಡ್ಕದಲ್ಲೆಲ್ಲ ನರ್ಸಿಂಗ್ ಕೋರ್ಸುಗಳ ಫ್ಲೆಕ್ಸ್ ಏಳುತ್ತವೆ. ಒಂದೇ ವರ್ಷದ ಕೋರ್ಸು, ಕೆಲಸ ಗ್ಯಾರಂಟಿ, ಹಾಸ್ಟೆಲ್ ಇದೆ, ಬೇಕಾದರೆ ಗಲ್ಫ್ ಕೂಡ ಇದೆ. ಫ್ಲೆಕ್ಸಿನಲ್ಲಿ ಇಲ್ಲದ್ದು ಒಂದೇ: ಆ ಕೋರ್ಸು ಮುಗಿಸಿದವರು ಆಸ್ಪತ್ರೆಯಲ್ಲಿ ಏನಾಗಿ ಕೆಲಸ ಮಾಡಬಹುದು, ಆ ಸರ್ಟಿಫಿಕೇಟಿಗೆ ಯಾರ ಮನ್ನಣೆ ಇದೆ ಎನ್ನುವುದು.

ನಮ್ಮ ಊರಿನವರಿಗೆ ಈ ಪ್ರಶ್ನೆ ಉಳಿದವರಿಗಿಂತ ಜಾಸ್ತಿ ಮುಖ್ಯ. ಮನೆ ಕೇರಳದಲ್ಲಿ, ದೊಡ್ಡ ಆಸ್ಪತ್ರೆಗಳು ತಲಪಾಡಿ ದಾಟಿದರೆ ಕರ್ನಾಟಕದಲ್ಲಿ. ಎರಡು ರಾಜ್ಯ, ನರ್ಸುಗಳ ನೋಂದಣಿ ಮಾಡುವ ಎರಡು ನರ್ಸಿಂಗ್ ಕೌನ್ಸಿಲ್. ಒಂದು ಕಡೆ ಚಲಾವಣೆಯಾಗುವ ಕಾಗದ ಇನ್ನೊಂದು ಕಡೆ ಹಾಗೆಯೇ ನಡೆಯುವುದಿಲ್ಲ. ಆದ್ದರಿಂದ ಫೀಸು ಕಟ್ಟುವ ಮೊದಲೇ ಎಲ್ಲಿ ಕೆಲಸ ಮಾಡಬೇಕು ಅಂತ ಯೋಚಿಸಿ, ಆಮೇಲೆ ಕೋರ್ಸು ಆರಿಸಿ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದರ ಉಲ್ಟಾ.

ಹೆಜ್ಜೆ 1: ನರ್ಸ್ ಆಗಬೇಕಾ, ನರ್ಸಿಗೆ ಸಹಾಯಕರಾಗಬೇಕಾ?

ಬಿಳಿ ಕೋಟು ಹಾಕಿ ವಾರ್ಡಿನಲ್ಲಿ ಓಡಾಡುವವರೆಲ್ಲ ನಮ್ಮ ಕಣ್ಣಿಗೆ ಸಿಸ್ಟರೇ. ಕಾನೂನಿನ ಲೆಕ್ಕ ಬೇರೆ.

ಎಲ್ಲಕ್ಕಿಂತ ಬೇಗ ಮುಗಿಯುವುದು ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಜಿಡಿಎ ತರಬೇತಿ. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಮಾನ್ಯವಾಗಿ ಸಾಕು. ಆಸ್ಪತ್ರೆಯೊಳಗಿನ ತರಬೇತಿಯೂ ಸೇರಿ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ರೋಗಿಯನ್ನು ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ಗಾಲಿಕುರ್ಚಿಯಲ್ಲಿ ಎಕ್ಸ್‌ರೇಗೆ ಕರೆದೊಯ್ಯುವುದು, ಜ್ವರ ಮತ್ತು ನಾಡಿ ನೋಡಿ ಬರೆಯುವುದು ಇವರ ಕೆಲಸ. ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು, ಮದ್ದು ಲೆಕ್ಕ ಮಾಡಿ ಕೊಡುವುದು ಇವರ ಕೆಲಸವಲ್ಲ. ಮನೆಗೆ ಹೋಗಿ ನೋಡಿಕೊಳ್ಳುವವರಿಗೆ ಹೋಮ್ ಹೆಲ್ತ್ ಏಡ್ ಎನ್ನುವ ಬೇರೆ ಕೋರ್ಸು ಇದೆ. ಈ ಎರಡಕ್ಕೂ ನರ್ಸಿಂಗ್ ಕೌನ್ಸಿಲ್ ನೋಂದಣಿ ಇಲ್ಲ. ಇವು ಕೌಶಲ ತರಬೇತಿಯ ಸರ್ಟಿಫಿಕೇಟುಗಳು.

ಅದರ ಮೇಲಿನದು ಎಎನ್‌ಎಂ, ಅಂದರೆ ಆಕ್ಸಿಲರಿ ನರ್ಸ್ ಮಿಡ್‌ವೈಫ್. ಎರಡು ವರ್ಷ. ಪ್ಲಸ್ ಟು ಯಾವ ವಿಭಾಗದಲ್ಲಿ ಆಗಿದ್ದರೂ ನಡೆಯುತ್ತದೆ, ವಯಸ್ಸು 17ರಿಂದ 35. ಸಾಮಾನ್ಯವಾಗಿ ಹೆಣ್ಣುಮಕ್ಕಳನ್ನೇ ತೆಗೆದುಕೊಳ್ಳುತ್ತಾರೆ. ಕೇರಳದ ಆರೋಗ್ಯ ಇಲಾಖೆಯಲ್ಲಿ ಜೆಪಿಎಚ್‌ಎನ್ (ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್) ಅಂತ ಕರೆಯುವ ಹುದ್ದೆಗೆ ಬೇಕಾದ ಓದು ಇದು. ಮನೆ ಮನೆಗೆ ಬರುವ, ಮಕ್ಕಳಿಗೆ ಚುಚ್ಚುಮದ್ದು ಹಾಕುವ ಸಿಸ್ಟರ್ ಇದ್ದಾರಲ್ಲ, ಅವರೇ. ಇದನ್ನು ಮುಗಿಸಿದವರಿಗೆ ಕೌನ್ಸಿಲ್ ನೋಂದಣಿ ಸಿಗುತ್ತದೆ.

ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ, ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಸ್ಟಾಫ್ ನರ್ಸ್ ಆಗುವವರ ದಾರಿ ಇವು. ಬಿಎಸ್ಸಿಗೆ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಜಿಎನ್‌ಎಂಗೆ ಕಲಾ ವಿಭಾಗದವರೂ ಅರ್ಜಿ ಹಾಕಬಹುದು, ಒಟ್ಟು 40 ಶೇಕಡಾ ಅಂಕ ಬೇಕು, ಇಂಗ್ಲಿಷ್ ಪಾಸಾಗಿರಬೇಕು. ನರ್ಸಿಂಗ್ ಇಷ್ಟಪಡುವ ಗಂಡುಮಕ್ಕಳು ನೇರ ಇಲ್ಲಿಗೆ ಬರುವುದು ಒಳ್ಳೆಯದು.

ನನ್ನ ಅಭಿಪ್ರಾಯ ಕೇಳಿದರೆ: ಪ್ಲಸ್ ಟು ಪಾಸಾಗಿ, ಎರಡು ಮೂರು ವರ್ಷ ಓದಲು ಮನೆಯಲ್ಲಿ ಹೇಗಾದರೂ ಅನುಕೂಲ ಆಗುತ್ತದೆ ಅಂತಾದರೆ ಎಎನ್‌ಎಂ ಅಥವಾ ಜಿಎನ್‌ಎಂಗೇ ಹೋಗಿ. ಬೇಗ ದುಡಿಯಲೇಬೇಕು ಎನ್ನುವವರಿಗೆ, ಮದುವೆಯಾಗಿ ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಕೆಲಸ ಹುಡುಕುವವರಿಗೆ ಜಿಡಿಎ ಸರಿ. ಇವೆರಡರ ನಡುವೆ ನಿಂತು ಲಕ್ಷಗಟ್ಟಲೆ ಫೀಸು ಕೇಳುವ ಒಂದು ವರ್ಷದ ‘ನರ್ಸಿಂಗ್ ಡಿಪ್ಲೊಮಾ’ಗಳ ಹತ್ತಿರ ಹೋಗಬೇಡಿ. ಅದರಿಂದ ಕೌನ್ಸಿಲ್ ನೋಂದಣಿ ಸಿಗುವುದಿಲ್ಲ. ಕೊನೆಗೆ ಸಿಗುವುದು ಜಿಡಿಎಯವರು ಮಾಡುವ ಕೆಲಸವೇ, ಸಂಬಳವೂ ಅಷ್ಟೇ.

ಹೆಜ್ಜೆ 2: ಗಡಿಯ ಆಚೆಯಾ, ಈಚೆಯಾ?

ಮಂಗಳೂರಿನಲ್ಲಿ ಓದಿದರೆ ನೋಂದಣಿ ಆಗುವುದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ. ಕೇರಳದಲ್ಲಿ ಓದಿದರೆ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲಿ. ಕರ್ನಾಟಕದಲ್ಲಿ ಓದಿ ಕಾಸರಗೋಡಿನ ಆಸ್ಪತ್ರೆಯಲ್ಲೋ ಪಂಚಾಯತಿನಲ್ಲೋ ಕೆಲಸ ಮಾಡಬೇಕಾದರೆ ಮೊದಲು ಬೆಂಗಳೂರಿನ ಕೌನ್ಸಿಲಿನಿಂದ ಎನ್‌ಒಸಿ (ಆಕ್ಷೇಪ ಇಲ್ಲ ಎನ್ನುವ ಪತ್ರ) ತಂದು ತಿರುವನಂತಪುರದ ಕೌನ್ಸಿಲಿನಲ್ಲಿ ಮತ್ತೆ ನೋಂದಣಿ ಮಾಡಿಸಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಸರಕಾರಿ ಹುದ್ದೆಗೆ ಪಿಎಸ್‌ಸಿ (ಲೋಕಸೇವಾ ಆಯೋಗ) ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಆಗುವ ಕೆಲಸ ಅಲ್ಲ.

ಇನ್ನೊಂದು ವಿಷಯ. ಕರ್ನಾಟಕದ ಕೆಲವು ಕಾಲೇಜುಗಳಿಗೆ ರಾಜ್ಯ ಕೌನ್ಸಿಲಿನ ಮನ್ನಣೆ ಇರುತ್ತದೆ, ಭಾರತೀಯ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿ ಮಾತ್ರ ಹೆಸರು ಇರುವುದಿಲ್ಲ. ಮಂಗಳೂರಿನಲ್ಲೇ ಕೆಲಸ ಮಾಡುವವರಿಗೆ ಇದರಿಂದ ತೊಂದರೆ ಕಾಣಲಿಕ್ಕಿಲ್ಲ. ಊರಿಗೆ ಮರಳಿ ಬರುವಾಗ, ವಿದೇಶಕ್ಕೆ ಹೊರಡುವಾಗ ಅದು ಎದುರಿಗೆ ನಿಲ್ಲುತ್ತದೆ. ಸೇರುವ ಮೊದಲು ಎರಡೂ ಪಟ್ಟಿ ನೋಡಿ. ಕಾಲೇಜಿನ ಹೆಸರನ್ನು ಅಕ್ಷರ ಬಿಡದೆ ಹೋಲಿಸಿ. ಒಂದೇ ಟ್ರಸ್ಟಿನ ಎರಡು ಕಾಲೇಜಿನಲ್ಲಿ ಒಂದಕ್ಕೆ ಮಾತ್ರ ಮನ್ನಣೆ ಇರುವುದೂ ಉಂಟು.

ಕರ್ನಾಟಕದ ಸಿಇಟಿ ಮೂಲಕ ಬಿಎಸ್ಸಿ ನರ್ಸಿಂಗ್ ಸೀಟು ಬಯಸುವವರು ಹೊರನಾಡು ಮತ್ತು ಗಡಿನಾಡು ಕನ್ನಡಿಗರ ನಿಯಮ ಓದಿಕೊಳ್ಳಿ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಕಾಸರಗೋಡು ಭಾಗದಲ್ಲಿ ಓದಿದವರಿಗೆ ಅಲ್ಲಿ ಅವಕಾಶ ಇದೆ. ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದೇನು ಕಷ್ಟ ಅಲ್ಲ ಬಿಡಿ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಕರ್ನಾಟಕ ಗಡಿ ಮುಚ್ಚಿದಾಗ ರೋಗಿಗಳ ಆ್ಯಂಬುಲೆನ್ಸುಗಳೇ ತಲಪಾಡಿಯಲ್ಲಿ ನಿಂತವು. ಆಚೆ ಕೆಲಸ, ಈಚೆ ಮನೆ ಇದ್ದವರ ಪಾಡು ಎಲ್ಲರಿಗೂ ಗೊತ್ತು. ನೋಂದಾಯಿತ ನರ್ಸ್ ಆಗಿದ್ದರೆ ಮನೆಯ ಕಡೆಯೂ ಕೆಲಸ ಮಾಡುವ ಹಾಗೆ ಕಾಗದ ಸಿದ್ಧ ಇಟ್ಟುಕೊಳ್ಳುವುದು ಸುಮ್ನೆ ಖರ್ಚಲ್ಲ.

ಹೆಜ್ಜೆ 3: ಫೀಸು ಕಟ್ಟುವ ಮೊದಲು

ಜಿಡಿಎ ಕಲಿಯಲು ಕೈಯಿಂದ ದುಡ್ಡು ಕೊಡಲೇಬೇಕು ಅಂತ ಇಲ್ಲ. ಗ್ರಾಮೀಣ ಬಡ ಕುಟುಂಬದ ಯುವಕ ಯುವತಿಯರಿಗೆ ಡಿಡಿಯು-ಜಿಕೆವೈ ಎನ್ನುವ ಕೇಂದ್ರದ ಯೋಜನೆ ಇದೆ. ಕೇರಳದಲ್ಲಿ ಅದನ್ನು ನಡೆಸುವುದು ಮಹಿಳಾ ಸಂಘಗಳ ಸರಕಾರಿ ಜಾಲವಾದ ಕುಟುಂಬಶ್ರೀ. ತರಬೇತಿ, ಊಟ, ವಸತಿ ಉಚಿತ. ನಿಮ್ಮ ಪಂಚಾಯತಿನ ಕುಟುಂಬಶ್ರೀ ಸಿಡಿಎಸ್ ಕಚೇರಿಗೆ ಹೋಗಿ ಈಗ ಯಾವ ಬ್ಯಾಚ್ ಶುರುವಾಗುತ್ತದೆ, ಆರೋಗ್ಯ ವಿಭಾಗದ ಕೋರ್ಸು ಇದೆಯಾ ಅಂತ ಕೇಳಿ. ಕೇಂದ್ರದ ಕೌಶಲ ತರಬೇತಿಯ ಪಿಎಂಕೆವಿವೈ ಯೋಜನೆಯಲ್ಲೂ ಉಚಿತ ಬ್ಯಾಚ್‌ಗಳು ಬರುತ್ತವೆ. ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ತಾಣ ತೆರೆದು ಹತ್ತಿರದ ಕೇಂದ್ರ ಹುಡುಕಬಹುದು. ವಿದ್ಯಾನಗರದಲ್ಲಿ ರಾಜ್ಯ ಸರಕಾರದ ಕೌಶಲ ಸಂಸ್ಥೆ ಅಸಾಪ್ ಕೇರಳದ ಸ್ಕಿಲ್ ಪಾರ್ಕ್ ಇದೆ, ಅಲ್ಲೂ ವಿಚಾರಿಸಿ. ಬ್ಯಾಚ್‌ಗಳು ವರ್ಷವಿಡೀ ಇರುವುದಿಲ್ಲ, ಆದ್ದರಿಂದ ಫೋನ್ ನಂಬರ್ ಕೊಟ್ಟು ಬನ್ನಿ.

ಖಾಸಗಿ ಸಂಸ್ಥೆಗೇ ಹೋಗುವುದಾದರೆ ಆಫೀಸಿನಲ್ಲಿ ಕೂತು ಹೀಗೆ ಕೇಳಿ. ಸರ್ಟಿಫಿಕೇಟ್ ಕೊಡುವುದು ಯಾರು? ಹಳೆಯ ವಿದ್ಯಾರ್ಥಿಯ ಸರ್ಟಿಫಿಕೇಟಿನ ಪ್ರತಿ ತೋರಿಸುತ್ತೀರಾ? ಜಿಡಿಎ ಆದರೆ ಅದರಲ್ಲಿ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಹೆಸರು, ಕೌಶಲ ಕೋರ್ಸುಗಳಿಗೆ ಮನ್ನಣೆ ಕೊಡುವ ಎನ್‌ಸಿವಿಇಟಿಯ ಗುರುತು ಇರಬೇಕು. ಎಎನ್‌ಎಂ, ಜಿಎನ್‌ಎಂ ಆದರೆ ಪರೀಕ್ಷೆ ನಡೆಸುವ ಮಂಡಳಿ ಯಾವುದು ಅಂತ ಹೇಳಬೇಕು. ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ವಾರ? ಆಸ್ಪತ್ರೆಯ ಹೆಸರು ಹೇಳಿದರೆ ಅಲ್ಲಿಗೆ ಫೋನ್ ಮಾಡಿ, ಅಥವಾ ಹೋಗಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಫೀಸಿನಲ್ಲಿ ಕೇಳಿ. ‘ಆ ಸಂಸ್ಥೆಯ ಮಕ್ಕಳು ಇಲ್ಲಿಗೆ ಬರುತ್ತಾರಾ?’ ಇಷ್ಟೇ ಪ್ರಶ್ನೆ. ಅರ್ಧದಷ್ಟು ಸುಳ್ಳು ಇಲ್ಲೇ ಬಯಲಾಗುತ್ತದೆ.

ಒರಿಜಿನಲ್ ಎಸ್ಸೆಸ್ಸೆಲ್ಸಿ, ಪ್ಲಸ್ ಟು ಅಂಕಪಟ್ಟಿಗಳನ್ನು ಅವರ ಕೈಯಲ್ಲಿ ಬಿಟ್ಟು ಬರಬೇಡಿ. ತೋರಿಸಿ, ದೃಢೀಕರಿಸಿದ ಪ್ರತಿ ಕೊಡಿ. ಮಧ್ಯದಲ್ಲಿ ಬಿಟ್ಟರೆ ಪೂರ್ತಿ ಫೀಸು ಕಟ್ಟಿ ಕಾಗದ ತೆಗೆದುಕೊಂಡು ಹೋಗಿ ಎನ್ನುವ ಜಗಳ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಡೆದಿದೆ. ದುಡ್ಡು ಕೊಟ್ಟ ಪ್ರತಿ ಸಲವೂ ರಸೀದಿ.

ಹೆಜ್ಜೆ 4: ಕಾಗದಪತ್ರ

ಎಸ್ಸೆಸ್ಸೆಲ್ಸಿ ಪುಸ್ತಕ, ಪ್ಲಸ್ ಟು ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ. ಜಾತಿ, ಆದಾಯ, ನೇಟಿವಿಟಿ ಸರ್ಟಿಫಿಕೇಟುಗಳಿಗೆ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ವಿಲೇಜ್ ಆಫೀಸಿಗೆ ಹೋಗುತ್ತದೆ. ಎಲ್ಲ ಕಾಗದದಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ನಮ್ಮ ಹೆಸರುಗಳನ್ನು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಬರೆಯುವಾಗ ಏನೇನೋ ಆಗಿರುತ್ತದೆ. ಅದನ್ನು ಸರಿ ಮಾಡಿಸುವ ಸಮಯ ಈಗಲೇ, ಕೌನ್ಸಿಲ್ ಅರ್ಜಿ ಹಾಕುವಾಗ ಅಲ್ಲ.

ಹೆಪಟೈಟಿಸ್ ಬಿ ಲಸಿಕೆಯನ್ನೂ ಈ ಪಟ್ಟಿಗೆ ಸೇರಿಸಿ. ಮೂರು ಡೋಸ್: ಮೊದಲನೆಯದು ಹಾಕಿಸಿಕೊಂಡು ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ವಾರ್ಡಿಗೆ ಕಾಲಿಡುವ ಮೊದಲೇ ಶುರು ಮಾಡಿ. ಕಾರ್ಡ್ ಜೋಪಾನ.

ಹೆಜ್ಜೆ 5: ಕೈಗೆ ಬರಬೇಕಾದ ಕೆಲಸ

ಇಂಟರ್‌ವ್ಯೂನಲ್ಲಿ ಅನುಭವಿ ಸಿಸ್ಟರ್ ನಿಮ್ಮ ಅಂಕಪಟ್ಟಿಯನ್ನು ಒಂದು ನಿಮಿಷ ನೋಡುತ್ತಾರೆ. ಆಮೇಲೆ ‘ಲಕ್ವ ಹೊಡೆದ ರೋಗಿಯನ್ನು ಮಗ್ಗುಲು ಮಾಡುವುದು ಹೇಗೆ?’ ಅಂತ ಕೇಳುತ್ತಾರೆ. ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕೈ ತೊಳೆಯಬೇಕು. ಸೋಪು ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ಮಂಚದ ಗಾಲಿಗೆ ಲಾಕ್ ಹಾಕಿ. ಎತ್ತರ ಬದಲಿಸುವ ಮಂಚವಾದರೆ ನಿಮ್ಮ ಸೊಂಟದ ಮಟ್ಟಕ್ಕೆ ತನ್ನಿ, ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಬೆನ್ನು ನೋವು ಹಿಡಿಯುತ್ತದೆ. ರೋಗಿಗೆ ಪ್ರಜ್ಞೆ ಇರಲಿ, ಇಲ್ಲದಿರಲಿ, ಹೇಳಿಯೇ ಮುಟ್ಟಿ: ‘ಅಜ್ಜಾ, ಈಗ ಸ್ವಲ್ಪ ಈ ಕಡೆ ತಿರುಗಿಸುತ್ತೇನೆ.’ ಮೈಗೆ ಸಿಕ್ಕಿಸಿದ ಎಲ್ಲ ಟ್ಯೂಬುಗಳನ್ನೂ ಒಮ್ಮೆ ನೋಡಿ, ಎಳೆದು ಬರದ ಹಾಗೆ ಸಡಿಲ ಮಾಡಿಕೊಳ್ಳಿ. ನೀವು ಯಾವ ಕಡೆ ನಿಂತಿದ್ದೀರೋ ಆ ಕಡೆಗೆ ತಿರುಗಿಸುವುದು. ಆಚೆ ಬದಿಯ ಕೈಯನ್ನು ಎದೆಯ ಮೇಲೆ ಇಡಿ, ಆಚೆ ಬದಿಯ ಮೊಣಕಾಲು ಮಡಚಿ. ನಿಮ್ಮ ಒಂದು ಕೈ ಅವರ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ. ಕೈಯ ಬಲದಿಂದ ಎಳೆಯಬೇಡಿ. ನಿಮ್ಮ ಮೊಣಕಾಲು ಬಗ್ಗಿಸಿ, ಮೈ ಭಾರವನ್ನು ಹಿಂದಕ್ಕೆ ತಂದರೆ ರೋಗಿ ಹಾಗೇ ಹೊರಳಿ ಬರುತ್ತಾರೆ. ಭಾರದ ರೋಗಿಯಾದರೆ ಇನ್ನೊಬ್ಬರನ್ನು ಕರೆಯಿರಿ, ಡ್ರಾ ಶೀಟ್ (ರೋಗಿಯ ಮೈ ಕೆಳಗೆ ಅಡ್ಡ ಹಾಸುವ ಬಟ್ಟೆ) ಹಿಡಿದು ಇಬ್ಬರೂ ಸೇರಿ ಮಾಡಿ. ಒಬ್ಬರೇ ಎತ್ತಿ ತೋರಿಸುವುದು ಶೌರ್ಯ ಅಲ್ಲ.

ತಿರುಗಿಸಿದ ಮೇಲೆ ಬೆನ್ನಿಗೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ಇನ್ನೊಂದು. ಈಗ ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂದೆ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಮೆಲ್ಲ ಒತ್ತಿ. ಒತ್ತಿದಾಗ ಬಿಳಿಯಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಬಿಳಿಯಾಗದೆ ಹಾಗೇ ಉಳಿದರೆ ಬೆಡ್‌ಸೋರ್ ಶುರುವಾಗಿದೆ, ತಕ್ಷಣ ಸಿಸ್ಟರಿಗೆ ಹೇಳಿ. ಆ ಜಾಗವನ್ನು ತಿಕ್ಕಿ ಮಸಾಜ್ ಮಾಡಬೇಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಅಲ್ಲಿ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಯೂರಿನ್ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು, ನೆಲಕ್ಕೆ ತಾಗಬಾರದು. ಗಂಟೆ ಎಷ್ಟು, ಯಾವ ಮಗ್ಗುಲು ಅಂತ ಚಾರ್ಟಿನಲ್ಲಿ ಬರೆಯಿರಿ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮತ್ತೆ ಇದೇ ಕೆಲಸ.

ಆರೋಗ್ಯವಂತ ದೊಡ್ಡವರ ಲೆಕ್ಕಗಳು ಬಾಯಲ್ಲೇ ಇರಲಿ. ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20, ಬಿಪಿ 120/80ರ ಆಸುಪಾಸು, ಆಕ್ಸಿಜನ್ 95ರ ಮೇಲೆ. ಮೂಗಿನ ಟ್ಯೂಬಿನಿಂದ ಆಹಾರ ಹೋಗುವ ರೋಗಿಯ ತಲೆ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಉಸಿರೂ ನಾಡಿಯೂ ನಿಂತರೆ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, 30 ಒತ್ತಿ 2 ಉಸಿರು.

ಕಸದ ಬಣ್ಣದ ಪ್ರಶ್ನೆ ಎಲ್ಲ ಇಂಟರ್‌ವ್ಯೂಗಳಲ್ಲೂ ಬರುತ್ತದೆ. ರಕ್ತ ತಾಗಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕೆ. ಡ್ರಿಪ್ ಟ್ಯೂಬ್, ಯೂರಿನ್ ಬ್ಯಾಗ್, ಗ್ಲೌಸ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡ್ ಬಿಳಿ ಡಬ್ಬಕ್ಕೆ. ಗಾಜಿನ ಬಾಟಲಿ ನೀಲಿಗೆ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಚುಚ್ಚಿಸಿಕೊಳ್ಳುವುದು ಹೆಚ್ಚಾಗಿ ಆಗಲೇ. ಚುಚ್ಚಿದರೆ ಹಿಂಡಬೇಡಿ, ಬಾಯಿಗೆ ಇಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಆಗಲೇ ವಾರ್ಡ್ ಇನ್‌ಚಾರ್ಜ್‌ಗೆ ಹೇಳಿ. ಎಚ್‌ಐವಿ ತಡೆಯುವ ಮದ್ದು ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಬಹಳ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಬೈಯುತ್ತಾರೆ ಅಂತ ಹೆದರಿ ಮುಚ್ಚಿಡುವ ವಿಷಯ ಅಲ್ಲ ಇದು.

ಜಿಡಿಎ ಓದಿದವರಿಗೆ ಒಂದು ಮಾತು. ಸಣ್ಣ ಆಸ್ಪತ್ರೆಗಳಲ್ಲಿ ರಾತ್ರಿ ಹೊತ್ತು ‘ನೀನೇ ಒಂದು ಇಂಜೆಕ್ಷನ್ ಹಾಕಿಬಿಡು’ ಅನ್ನುವವರು ಸಿಗುತ್ತಾರೆ. ‘ನನಗೆ ಅದಕ್ಕೆ ಅನುಮತಿ ಇಲ್ಲ ಸಿಸ್ಟರ್, ಬೇರೆ ಏನಾದರೂ ಮಾಡಿಕೊಡುತ್ತೇನೆ’ ಅನ್ನಿ. ಹೆಚ್ಚುಕಮ್ಮಿ ಆದ ದಿನ ನಿಮ್ಮ ಪರವಾಗಿ ಯಾರೂ ನಿಲ್ಲುವುದಿಲ್ಲ.

ಹೆಜ್ಜೆ 6: ಕೆಲಸ ಹುಡುಕುವುದು

ಮಂಗಳೂರು ನಮ್ಮ ಹತ್ತಿರದ ದೊಡ್ಡ ಮಾರುಕಟ್ಟೆ. ನಗರದೊಳಗೂ ದೇರಳಕಟ್ಟೆಯಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಮಂಜೇಶ್ವರ, ಹೊಸಂಗಡಿ ಕಡೆಯವರಿಗೆ ದಿನಾ ಹೋಗಿ ಬರಬಹುದಾದಷ್ಟು ಹತ್ತಿರ. ಪೆರ್ಲ, ಬದಿಯಡ್ಕದವರಿಗೆ ಪುತ್ತೂರು ಅನುಕೂಲ. ಬಯೋಡೇಟಾ ಹಿಡಿದು ಬೆಳಿಗ್ಗೆ ಹತ್ತು ಗಂಟೆಯ ಮೇಲೆ ನೇರವಾಗಿ ಎಚ್‌ಆರ್ ಅಥವಾ ನರ್ಸಿಂಗ್ ಸೂಪರಿಂಟೆಂಡೆಂಟ್ ಆಫೀಸಿಗೆ ಹೋಗಿ. ಬೆಳಿಗ್ಗೆ ಎಂಟಕ್ಕೆ ಹೋದರೆ ಶಿಫ್ಟ್ ಬದಲಾಗುವ ಗಡಿಬಿಡಿ, ಯಾರೂ ಮಾತನಾಡುವುದಿಲ್ಲ. ಒಪ್ಪಿಕೊಳ್ಳುವ ಮೊದಲು ಶಿಫ್ಟಿನ ಗಂಟೆ ಕೇಳಿ ನಿಮ್ಮ ರೈಲು, ಬಸ್ಸಿನ ಸಮಯಕ್ಕೆ ಹೊಂದಿಸಿ ನೋಡಿ. ಸಂಜೆ ಶಿಫ್ಟ್ ಬಿಡುವಾಗ ಹೆದ್ದಾರಿಗೆ ಬಸ್ಸು ಸಿಕ್ಕರೂ ಒಳ ಊರಿಗೆ ಸಿಗುವುದಿಲ್ಲ. ಹಾಸ್ಟೆಲ್ ಇದೆಯಾ, ಸಂಬಳದಲ್ಲಿ ಎಷ್ಟು ಮುರಿಯುತ್ತಾರೆ, ಅದೂ ಕೇಳಿ.

ಬಯೋಡೇಟಾದಲ್ಲಿ ಭಾಷೆಗಳನ್ನು ಮೇಲೆಯೇ ಬರೆಯಿರಿ. ಕನ್ನಡ, ತುಳು, ಮಲಯಾಳಂ ಮೂರೂ ಬರುವವರು ನಮ್ಮಲ್ಲಿ ಮನೆ ಮನೆಗೂ ಇದ್ದಾರೆ, ಕೊಂಕಣಿಯೋ ಬ್ಯಾರಿಯೋ ಬರುವವರೂ ಇದ್ದಾರೆ. ನಮಗೆ ಅದು ದೊಡ್ಡ ವಿಷಯ ಅನ್ನಿಸುವುದಿಲ್ಲ. ಆದರೆ ಮಂಗಳೂರಿನ ವಾರ್ಡಿನಲ್ಲಿ ನೋವಿದೆಯಾ ಅಂತ ಒಂದು ಮಂಚದ ಹತ್ತಿರ ತುಳುವಿನಲ್ಲಿ ‘ಬೇನೆ ಉಂಡಾ?’ ಅಂತ ಕೇಳಿ, ಪಕ್ಕದ ಮಂಚದಲ್ಲಿ ಮಲಯಾಳದಲ್ಲಿ ‘ವೇದನ ಉಂಡೋ?’ ಅಂತ ಕೇಳಬಲ್ಲವರನ್ನು ಯಾವ ಇನ್‌ಚಾರ್ಜ್ ಸಿಸ್ಟರೂ ಬಿಡುವುದಿಲ್ಲ. ಮಲಯಾಳಂ ಮಾತು ಮಾತ್ರ ಬಂದು ಓದಲು ಬಾರದವರು ಅಕ್ಷರ ಕಲಿಯಿರಿ. ಕೇರಳದ ಆಸ್ಪತ್ರೆಗಳಲ್ಲಿ ನೋಟಿಸು, ಸುತ್ತೋಲೆ ಅದರಲ್ಲೇ ಇರುತ್ತದೆ.

ಊರಲ್ಲೇ ಇರಬೇಕು ಎನ್ನುವವರಿಗೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾಸ್ಪತ್ರೆ, ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಇವೆ. ಇಲ್ಲಿ ತಾತ್ಕಾಲಿಕ ನೇಮಕಾತಿಗೆ ಆಗಾಗ ನೇರ ಸಂದರ್ಶನ ಕರೆಯುತ್ತಾರೆ. ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ, ಎರಡು ಮೂರು ದಿನದ ಅವಧಿ ಮಾತ್ರ ಇರುತ್ತದೆ. ಕಾಗದದ ಫೈಲ್ ಯಾವಾಗಲೂ ತಯಾರಿರಲಿ. ಖಾಯಂ ಹುದ್ದೆಗೆ ಕೇರಳ ಪಿಎಸ್‌ಸಿಯ ತುಳಸಿ ತಾಣದಲ್ಲಿ ಒಮ್ಮೆ ನೋಂದಣಿ ಮಾಡಿಟ್ಟುಕೊಳ್ಳಿ. ಜೆಪಿಎಚ್‌ಎನ್ ಹುದ್ದೆಗೆ ಕೇರಳ ಕೌನ್ಸಿಲಿನ ನೋಂದಣಿ ಕೇಳುತ್ತಾರೆ. ಕಾಸರಗೋಡು ಜಿಲ್ಲೆಯಲ್ಲಿ ಕೆಲವು ಇಲಾಖೆಗಳ ಹುದ್ದೆಗಳಿಗೆ ‘ಕನ್ನಡ ಮತ್ತು ಮಲಯಾಳಂ ಬಲ್ಲವರು’ ಅಂತಲೇ ಪ್ರತ್ಯೇಕ ಅಧಿಸೂಚನೆ ಬರುತ್ತದೆ, ಅದರ ಮೇಲೆ ಕಣ್ಣಿಡಿ.

ಹೆಚ್ಚಿನವರು ಯೋಚಿಸದ ಒಂದು ದಾರಿ ಪಾಲಿಯೇಟಿವ್, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆ. ಕೇರಳದಲ್ಲಿ 2008ರಿಂದ ಇದಕ್ಕೆ ಸರಕಾರದ್ದೇ ನೀತಿ ಇದೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡುವ ನರ್ಸನ್ನು ಪಂಚಾಯತುಗಳೇ ನೇಮಿಸುತ್ತವೆ. ಎಎನ್‌ಎಂ ಅಥವಾ ಜೆಪಿಎಚ್‌ಎನ್ ಆದವರು ಮೂರು ತಿಂಗಳ ಪಾಲಿಯೇಟಿವ್ ಆಕ್ಸಿಲರಿ ನರ್ಸಿಂಗ್ ಕೋರ್ಸು, ಜಿಎನ್‌ಎಂ ಅಥವಾ ಬಿಎಸ್ಸಿ ಆದವರು 45 ದಿನಗಳ ಕೋರ್ಸು ಮಾಡಿರಬೇಕು. ನಮ್ಮ ಜಿಲ್ಲೆಯಲ್ಲಿ ಈ ಕೆಲಸದ ಅಗತ್ಯ ಬೇರೆ ಕಡೆಗಿಂತ ಜಾಸ್ತಿ. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರಿನಂಥ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದ ಮಗನನ್ನೋ ಮಗಳನ್ನೋ ಇಪ್ಪತ್ತು ಮೂವತ್ತು ವರ್ಷಗಳಿಂದ ಎತ್ತಿ ಮಲಗಿಸುತ್ತಾ ಬಂದ ತಾಯಂದಿರು ಇದ್ದಾರೆ. ಅವರಿಗೇ ಈಗ ವಯಸ್ಸಾಗಿದೆ. ಗುಡ್ಡದ ಮನೆಗಳು, ಜೀಪು ಹೋಗದ ದಾರಿ. ಇಲ್ಲಿ ಕನ್ನಡ ತುಳು ಬರುವ ನರ್ಸ್ ಬೇಕು.

ಹೋಮ್ ನರ್ಸ್ ಕೆಲಸ ಬೇಗ ಸಿಗುತ್ತದೆ, ತೊಂದರೆಯೂ ಅಲ್ಲೇ ಜಾಸ್ತಿ. ಏಜೆನ್ಸಿ ನಿಮ್ಮ ಸಂಬಳದಲ್ಲಿ ಎಷ್ಟು ಹಿಡಿಯುತ್ತದೆ, ತಿಂಗಳಿಗೆ ಎಷ್ಟು ದಿನ ರಜೆ, ರಾತ್ರಿ ನಿದ್ದೆಗೆ ಎಷ್ಟು ಗಂಟೆ ಬಿಡುವು, ಮಲಗಲು ಪ್ರತ್ಯೇಕ ಕೋಣೆ ಇದೆಯಾ, ಅಡುಗೆ ಮತ್ತು ಬಟ್ಟೆ ಒಗೆಯುವುದು ರೋಗಿಯದ್ದು ಮಾತ್ರವಾ ಇಡೀ ಮನೆಯದ್ದಾ? ಇವನ್ನೆಲ್ಲ ಬರೆಸಿಕೊಳ್ಳಿ. ಮನೆಯ ವಿಳಾಸವನ್ನು ನಿಮ್ಮವರಿಗೆ ಕೊಟ್ಟು ಹೋಗಿ. ರೋಗಿಯ ಚಿನ್ನ, ದುಡ್ಡು, ಬ್ಯಾಂಕ್ ಕಾರ್ಡ್ ಯಾವುದನ್ನೂ ಮುಟ್ಟುವ ಜವಾಬ್ದಾರಿ ಬೇಡ.

ಗಲ್ಫ್ ಅಂದಾಗ ಒಂದೇ ಎಚ್ಚರಿಕೆ. ಜಿಡಿಎ ಸರ್ಟಿಫಿಕೇಟ್ ಹಿಡಿದು ‘ನರ್ಸ್ ವೀಸಾ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಮನೆಗೆಲಸದ ವೀಸಾದಲ್ಲಿ ಕಳಿಸುವವರೂ ಇದ್ದಾರೆ. ಏಜೆಂಟನ ಲೈಸೆನ್ಸ್ ನಂಬರನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ನೋಂದಾಯಿತ ನರ್ಸುಗಳಿಗೆ ನೋರ್ಕಾ ರೂಟ್ಸ್, ಒಡೆಪೆಕ್ ಎಂಬ ಕೇರಳ ಸರಕಾರದ ಸಂಸ್ಥೆಗಳೇ ಇವೆ.

ಹೆಜ್ಜೆ 7: ಮೊದಲ ಸಂಬಳದಿಂದ ಮುಂದೆ

ನೇಮಕಾತಿ ಪತ್ರ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಹುದ್ದೆಯ ಹೆಸರು ಏನಿದೆ ನೋಡಿ. ಎಎನ್‌ಎಂ ಮುಗಿಸಿದವರನ್ನು ‘ಟ್ರೈನಿ’ ಅಂತ ವರ್ಷಗಟ್ಟಲೆ ಇಟ್ಟುಕೊಳ್ಳುವ ಕಡೆ ಇರಬೇಡಿ. ಕೇರಳದಲ್ಲಿ 2018ರಲ್ಲಿ ಖಾಸಗಿ ಆಸ್ಪತ್ರೆಯ ನರ್ಸುಗಳಿಗೆ 20,000 ರೂಪಾಯಿ ಕನಿಷ್ಠ ವೇತನ ಅಂತ ಅಧಿಸೂಚನೆ ಬಂತು. ಅದು ನೋಂದಾಯಿತ ನರ್ಸುಗಳ ಲೆಕ್ಕ. ಸಹಾಯಕರಿಗೆ, ಅಟೆಂಡರುಗಳಿಗೆ ಬೇರೆ ದರ್ಜೆ ಇದೆ, ಕರ್ನಾಟಕದಲ್ಲಿ ಬೇರೆಯೇ ದರ. ನಿಮ್ಮ ದರ್ಜೆಗೆ ಈಗ ಎಷ್ಟು ಅಂತ ಲೇಬರ್ ಆಫೀಸಿನಲ್ಲಿ ಕೇಳಿದರೆ ಹೇಳುತ್ತಾರೆ.

ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗೆ ಇದ್ದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಸಿಗಬೇಕು. ನಿಮ್ಮಿಂದ ಶೇಕಡಾ 0.75, ಆಸ್ಪತ್ರೆಯಿಂದ 3.25. ಪಿಎಫ್‌ಗೆ ಶೇಕಡಾ 12 ಹಿಡಿಯುತ್ತಾರೆ. ಹಿಡಿದದ್ದು ನಿಜವಾಗಿ ಕಟ್ಟಿದ್ದಾರಾ ಅಂತ ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಮೂರು ತಿಂಗಳಿಗೊಮ್ಮೆ ನೋಡಿ.

ಜಿಡಿಎ ಆಗಿ ಒಂದೆರಡು ವರ್ಷ ದುಡಿದ ಮೇಲೆ, ವಯಸ್ಸು 35 ದಾಟುವ ಮೊದಲು, ಎಎನ್‌ಎಂಗೆ ಹೋಗುವ ವಿಚಾರ ಮತ್ತೆ ಮಾಡಿ. ವಾರ್ಡಿನಲ್ಲಿ ಕೈ ಪಳಗಿದವರಿಗೆ ಆ ಓದು ಸುಲಭ. ಆದರೆ ಜಿಡಿಎ ಅನುಭವದಿಂದ ಎಎನ್‌ಎಂನ ಎರಡು ವರ್ಷದಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಕಡಿಮೆ ಮಾಡಿಸಿಕೊಡುತ್ತೇವೆ ಅನ್ನುವವರು ಮತ್ತೆ ಆ ಫ್ಲೆಕ್ಸಿನವರೇ.

ಕೆಲಸ ಬಿಡುವಾಗ ಒಂದು ತಿಂಗಳ ನೋಟಿಸು ಕೊಟ್ಟೇ ಬಿಡಿ, ಅನುಭವ ಪತ್ರ ಕೈಗೆ ಬರುವವರೆಗೆ ಆಫೀಸಿಗೆ ಹೋಗುವುದು ನಿಲ್ಲಿಸಬೇಡಿ. ಪತ್ರದಲ್ಲಿ ಸೇರಿದ ತಾರೀಕು, ಬಿಟ್ಟ ತಾರೀಕು, ವಾರ್ಡಿನ ಹೆಸರು, ಮಂಚಗಳ ಸಂಖ್ಯೆ ಇರಲಿ. ಬರೀ ‘ಇಲ್ಲಿ ಕೆಲಸ ಮಾಡಿದ್ದಾರೆ’ ಅಂತ ಬರೆದ ಪತ್ರಕ್ಕೆ ಮುಂದಿನ ಆಸ್ಪತ್ರೆಯಲ್ಲಿ ಬೆಲೆ ಇಲ್ಲ.